ಹತ್ತೊಂಬತ್ತು ಜೋಡಿ ಕೋರೆಹಲ್ಲು

ನಾನು ಹಲ್ಲು ಕಟ್ಟುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಪಾಲಿಶ್ ಮಾಡಿ ವಾಪಸ್ ಕಳಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಕ್ಲಿನಿಕ್ಕಿನ ಹಿಂದೊಂದು ಕೋಣೆ, ಉದ್ದ ಬೆಂಚು, ಮೋಟಾರು, ಸಿಂಕು, ಗೋಡೆಯ ಹಲಗೆಗಳ ತುಂಬ ಊರಿನವರ ದವಡೆಗಳು. ಅವರಲ್ಲಿ ಹೆಚ್ಚಿನವರ ಮುಖ ನಾನು ಕಂಡಿಲ್ಲ, ಬಾಯಿ ಮಾತ್ರ ಚೆನ್ನಾಗಿ ಗೊತ್ತು.

ಒಂದು ಬೆಳಗ್ಗೆ ಸಿನಿಮಾ ನಿರ್ದೇಶಕಿಯೊಬ್ಬಳು ನೇರ ಆ ಕೋಣೆಗೇ ಬಂದಳು. ಮೂವತ್ತೈದರ ಆಸುಪಾಸು. ಕತ್ತಿನಲ್ಲಿ ಎರಡು ಕನ್ನಡಕ ನೇತಾಡುತ್ತಿದ್ದರೂ ಚೀಲದಲ್ಲಿ ಮೂರನೆಯದನ್ನು ಹುಡುಕುತ್ತಿದ್ದಳು.

"ಅಕ್ಕಾ, ನನಗೆ ಹತ್ತೊಂಬತ್ತು ಜೋಡಿ ಕೋರೆಹಲ್ಲು ಬೇಕು" ಅಂದಳು.

ರಕ್ತಪಿಶಾಚಿಗಳ ಸಿನಿಮಾ. ಆದರೆ ಪಾಳು ಕೋಟೆ, ಬಾವಲಿ, ಶವಪೆಟ್ಟಿಗೆ ಯಾವುದೂ ಇಲ್ಲವಂತೆ. ಇನ್ನು ಮೂವತ್ತು ವರ್ಷಕ್ಕೆ ನಡೆಯುವ ಕಥೆ. ಊರನ್ನು ಆಳುವವರೇ ಅವರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಆಫೀಸಿನಲ್ಲಿ ಕೂತಿರುತ್ತಾರೆ. ನೀರು, ಕರೆಂಟು, ಔಷಧಿ ಬೇಕೆಂದರೆ ತಿಂಗಳಿಗೊಮ್ಮೆ ಮನೆಮಂದಿಯೆಲ್ಲ ಕಾರ್ಡು ಹಿಡಿದು ಹೋಗಿ, ಅಂಗಿಯ ತೋಳು ಮಡಿಸಿ, ಒಬ್ಬೊಬ್ಬರು ಒಂದೊಂದು ಬಾಟಲಿ ರಕ್ತ ಕೊಟ್ಟು ಬರಬೇಕು.

"ಅಂಗಡಿಯ ಪ್ಲಾಸ್ಟಿಕ್ ಹಲ್ಲು ಹಾಕಿ ನೋಡಿದೆ ಅಕ್ಕಾ. 'ಸರದಿಯಲ್ಲಿ ಬನ್ನಿ' ಅನ್ನೋ ಬದಲು ಎಲ್ಲರೂ 'ಥರದಿಯಲ್ಲಿ ಬನ್ನಿ' ಅಂತಾರೆ. ಭಯ ಹುಟ್ಟೋದು ಹಾಗಿರಲಿ, ಕ್ಯಾಮೆರಾದವನೇ ಬಿದ್ದೂ ಬಿದ್ದೂ ನಕ್ಕ."

ನಾನು ಒಪ್ಪಿಕೊಂಡೆ. ವಿಚಿತ್ರ ಕೆಲಸವೇನೋ ಹೌದು, ಆದರೆ ಹಲ್ಲು ಹಲ್ಲೇ.

ಮನೆಯಲ್ಲಿ ಹೇಳಿದಾಗ ಅತ್ತೆಯ ಕಿವಿ ನೆಟ್ಟಗಾಯಿತು. ಗಂಡ ದೂರದ ರೂಟಿನ ಲಾರಿ ಓಡಿಸುವುದರಿಂದ ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅತ್ತೆಗೆ ಎಪ್ಪತ್ತನಾಲ್ಕು. ಬಾಯಲ್ಲಿ ಒಂದು ಹಲ್ಲೂ ಇಲ್ಲ. ನಾನು ಆಸೆಪಟ್ಟು ಮಾಡಿಕೊಟ್ಟ ಸೆಟ್ಟನ್ನು ಒಂದು ವಾರ ಹಾಕಿಕೊಂಡು, "ಬಾಯೊಳಗೆ ಬಾಡಿಗೆಯವರನ್ನ ಇಟ್ಟುಕೊಂಡ ಹಾಗಿದೆ ಕಣೇ" ಅಂತ ತೆಗೆದಿಟ್ಟಿದ್ದರು. ವಸಡಲ್ಲೇ ಎಲ್ಲ ಅಗಿಯುತ್ತಾರೆ, ಯಾರೆದುರಿಗಾದರೂ ಬಾಯಿ ತುಂಬ ನಗುತ್ತಾರೆ.

"ದೊಡ್ಡ ಪಿಶಾಚಿ ಯಾರಂತೆ?" ಅಂತ ಕೇಳಿದರು.

ನಾನು ಹೇಳಿದೆ. ಒಂದು ಕಾಲಕ್ಕೆ ರಾಜನ ಪಾತ್ರವೆಂದರೆ ಅವರೇ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ದೊರೆ. ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ದೊರೆಯಾ! ಅವರ ಒಂದು ಸಿನಿಮಾನ ಹನ್ನೊಂದು ಸಲ ನೋಡಿದೀನಿ. ನಿನ್ನ ಮಾವ ಹನ್ನೆರಡನೇ ಸಲಕ್ಕೆ ಬೇಡ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ."

ಮುಚ್ಚಿಹೋದ ನೂಲಿನ ಗಿರಣಿಯಲ್ಲಿ ಶೂಟಿಂಗು. ಅಚ್ಚು ತೆಗೆಯಲು ನನ್ನ ಡಾಕ್ಟರೂ ನಾನೂ ಅಲ್ಲಿಗೆ ಹೋದೆವು. ಹದಿನೆಂಟು ಜನ ಸಾಲಾಗಿ ಬೆಂಚಿನ ಮೇಲೆ ಕೂತು ಬಾಯಿ ತೆರೆದರು. ಹತ್ತೊಂಬತ್ತನೆಯವರಾದ ದೊರೆ ಮಾತ್ರ ಕೂರಲಿಲ್ಲ. "ನಾನು ಆಮೇಲೆ ನಿಮ್ಮಲ್ಲಿಗೇ ಬರ್ತೀನಿ ತಾಯಿ" ಅಂದರು. ಮಾತು ಬಾಯಲ್ಲೇ ಅರ್ಧ ನಿಂತ ಹಾಗಿತ್ತು. ವಯಸ್ಸಾಯಿತಲ್ಲ ಅಂದುಕೊಂಡೆ. ಅಷ್ಟರಲ್ಲಿ ನಿರ್ದೇಶಕಿ ನನ್ನನ್ನು ಪಕ್ಕಕ್ಕೆ ಕರೆದಳು.

"ಅವರ ಮಾತು ಸ್ಪಷ್ಟ ಇಲ್ಲ ಅಕ್ಕಾ. ಬೇರೆಯವರ ಧ್ವನಿ ಹಾಕಿಸಬೇಕು ಅಂತಿದೀನಿ. ಇನ್ನೂ ಅವರಿಗೆ ಹೇಳಿಲ್ಲ. ಹೇಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ."

ಮಾರನೆಯ ದಿನ ಮಧ್ಯಾಹ್ನ, ಡಾಕ್ಟರು ಊಟಕ್ಕೆ ಹೋದ ಹೊತ್ತು ನೋಡಿಕೊಂಡು ದೊರೆ ಬಂದರು. ಬಿಸಿಲಲ್ಲೂ ಕತ್ತಿಗೆ ಮಫ್ಲರು. ಬಾಗಿಲು ಹಾಕಲು ಹೇಳಿದರು. ಸ್ವಲ್ಪ ಹೊತ್ತು ಗೋಡೆಯ ದವಡೆಗಳನ್ನು ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ಬೆನ್ನು ಮಾಡಿ, ಬಾಯಿಗೆ ಕರವಸ್ತ್ರ ಹಿಡಿದು, ಏನನ್ನೋ ಮಡಿಸಿ ಬೆಂಚಿನ ಮೇಲಿಟ್ಟರು. ಬಿಡಿಸಿ ನೋಡಿದರೆ ಮೇಲಿನದು, ಕೆಳಗಿನದು, ಎರಡೂ ಪೂರ್ತಿ ಸೆಟ್ಟು. ಸವೆದು ಕನ್ನಡಿಯಾಗಿತ್ತು.

"ಹನ್ನೆರಡು ವರ್ಷ ಆಯ್ತು. ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳು ಹೋದಳು" ಅಂದರು. ಹಲ್ಲಿಲ್ಲದ ಬಾಯಿ, ಒಳಕ್ಕೆ ಹೋದ ಕೆನ್ನೆ. ಹನ್ನೊಂದು ಸಲ ನೋಡುವಂಥ ಮುಖ ಅರೆಕ್ಷಣದಲ್ಲಿ ನಮ್ಮ ಬೀದಿಯ ಯಾವುದೋ ಅಜ್ಜನ ಮುಖವಾಗಿಹೋಯಿತು.

ಅವರ ಮಾತು ಯಾಕೆ ತೊದಲುತ್ತಿತ್ತು ಅಂತ ಆಗ ಗೊತ್ತಾಯಿತು. ವಸಡು ಸವೆದು ಸೆಟ್ಟು ಸಡಿಲವಾಗಿತ್ತು. ಅದು ಬೀಳದ ಹಾಗೆ ಇಡೀ ದಿನ ನಾಲಿಗೆಯಲ್ಲೇ ಒತ್ತಿ ಹಿಡಿದಿರುತ್ತಿದ್ದರು. ನಾಲಿಗೆ ಕಾವಲು ಕೂತರೆ ಮಾತಾಡುವುದಕ್ಕೆ ಬಿಡುವೆಲ್ಲಿ?

"ಇಷ್ಟು ದಿನ ಯಾಕೆ ಸರಿ ಮಾಡಿಸಲಿಲ್ಲ ಸಾರ್?"

"ಎಲ್ಲಿಗೆ ಹೋದರೂ ಗುರುತು ಹಿಡೀತಾರಲ್ಲಮ್ಮ. ಒಬ್ಬ ಕಾಂಪೌಂಡರಿಗೆ ಗೊತ್ತಾದರೆ ಸಂಜೆ ಹೊತ್ತಿಗೆ ಊರಿಗೇ ಗೊತ್ತಾಗುತ್ತೆ. ಬೇರೆಯವರ ಧ್ವನಿ ಹಾಕಿಸ್ತಾರೆ ಅನ್ನೋದೂ ನನಗೆ ಗೊತ್ತು. ಆ ಡೈರೆಕ್ಟರು ಹುಡುಗಿ ಹೇಳಿಲ್ಲ, ಪಾಪ, ಸಂಕೋಚ. ನನಗೆ ಮಾತಾಡಕ್ಕೆ ಬರೋ ಹಾಗೆ ಮಾಡಿಕೊಡ್ತೀರಾ? ಮತ್ತೆ ಈ ವಿಷಯ…"

"ನನ್ನ ಬಾಯಿಂದ ಹೊರಗೆ ಹೋಗಲ್ಲ ಸಾರ್" ಅಂದೆ.

ಅವರ ಬಾಯಿಯ ಅಚ್ಚನ್ನು ಆ ದಿನ ನಾನೇ ತೆಗೆದು, ಮೂರು ವಾರ ಹೊಸ ಸೆಟ್ಟಿಗೆ ಒದ್ದಾಡಿದೆ. ಉಳಿದ ಹದಿನೆಂಟು ಜೋಡಿ ಸ್ವಂತ ಹಲ್ಲಿನ ಮೇಲೆ ಕೂರುವಂಥವು, ನಾಲ್ಕು ದಿನದಲ್ಲಿ ಮುಗಿದವು. ದೊರೆಯದ್ದು ಹಾಗಲ್ಲ. ಕಟ್ಟಿಸಿದ ಸೆಟ್ಟಿಗೇ ಉದ್ದನೆಯ ಕೋರೆ ಬರಬೇಕು, ಅದು ಅಂಗುಳಕ್ಕೆ ಗಾಳಿಯಾಡದ ಹಾಗೆ ಕಚ್ಚಿಕೊಂಡಿರಬೇಕು, ಮಾತು ಸಲೀಸಾಗಿ ಬರಬೇಕು. ನಾಲ್ಕು ಸಲ ಮೇಣದಲ್ಲಿ ಹಾಕಿ ನೋಡಿ, ನಾಲ್ಕು ಸಲವೂ ಕೆಡಿಸಿ ಮತ್ತೆ ಕಟ್ಟಿದೆ. ಐದನೆಯ ಸಲ ಅವರು ಕನ್ನಡಿ ಮುಂದೆ ನಿಂತು ಹಳೆಯ ನಾಟಕದ ಮಾತೊಂದನ್ನು ಹೇಳಿದರು. ಕೋಣೆಯ ಗಾಜಿನ ಬಾಟಲಿಗಳು ಝುಮ್ಮೆಂದವು. ಕ್ಲಿನಿಕ್ಕಿನಿಂದ ನರ್ಸು ಓಡಿಬಂದು ಬಾಗಿಲು ತಟ್ಟಿದಳು. "ರೇಡಿಯೋ" ಅಂದೆ.

"ಒಂದು ಮಾತು ನೆನಪಿಡಿ ಸಾರ್" ಅಂತ ಎಚ್ಚರಿಸಿದೆ. "ಕಚ್ಚೋ ಹಾಗೆ ನಟಿಸಿ, ನಿಜವಾಗಿ ಕಚ್ಚಬೇಡಿ. ಮುಂದೆ ಒತ್ತಿದರೆ ಹಿಂದೆ ಎದ್ದುಬಿಡುತ್ತೆ."

ಧ್ವನಿ ಬದಲಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು. ನಿರ್ದೇಶಕಿ ಖುಷಿಯಲ್ಲಿ ಫೋನ್ ಮಾಡಿದಳು. "ಏನು ಮಾಯ ಮಾಡಿದ್ರಿ ಅಕ್ಕಾ? ಅವರ ಹಲ್ಲು ಇನ್ನೂ ಗಟ್ಟಿ ಇದೆಯಾ?"

"ಕಲ್ಲಿನ ಹಾಗಿದೆ" ಅಂದೆ. ಪ್ಲಾಸ್ಟರಿನ ಅಚ್ಚನ್ನು ನೋಡುತ್ತಲೇ ಹೇಳಿದೆ, ಅಷ್ಟರಮಟ್ಟಿಗೆ ಸುಳ್ಳಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಕೊನೆಯ ದೃಶ್ಯದ ದಿನ ಅತ್ತೆ ಬೆಳಗ್ಗೆಯೇ ತಯಾರಾಗಿ ಬಾಗಿಲಲ್ಲಿ ಕೂತಿದ್ದರು. ಕರೆದುಕೊಂಡು ಹೋಗದೆ ಗತಿಯಿರಲಿಲ್ಲ. ಗಿರಣಿಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು ಹಗಲಿಗೇ ಕತ್ತಲು ತಂದಿದ್ದರು. ಎಂಬತ್ತು ಜನ ಕಾರ್ಡು ಹಿಡಿದು, ಅಂಗಿಯ ಎಡತೋಳು ಮಡಿಸಿ, ಸಾಲಲ್ಲಿ ನಿಂತಿದ್ದರು. ಕೌಂಟರಿನ ಕಿಟಕಿಯ ಹಿಂದೆ ಕೋಟಿನವರು ಮೊಹರು ಒತ್ತುತ್ತಿದ್ದರು. ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ.

ಬಿಡುವಿನಲ್ಲಿ ದೊರೆ ನಮ್ಮ ಬಳಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾನು ಅತ್ತೆಯನ್ನು ಪರಿಚಯ ಮಾಡಿಸಿದೆ.

"ಹೇಗಿದೀರಾ ಅಕ್ಕಾ?" ಅಂದರು ದೊರೆ.

ಐವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಮನುಷ್ಯ ಅಕ್ಕಾ ಅಂದುಬಿಟ್ಟರಲ್ಲ ಅಂತ ಅತ್ತೆಗೆ ಒಂದು ಕ್ಷಣ ಪಿಚ್ಚೆನಿಸಿರಬೇಕು. ಆಮೇಲೆ ಬೊಚ್ಚುಬಾಯಿ ತೆರೆದು ಜೋರಾಗಿ ನಕ್ಕರು. "ನೀವೇನೂ ಬದಲಾಗಿಲ್ಲ ಬಿಡಿ. ನಾನೇ ನೋಡಿ ಹೀಗೆ. ಸೊಸೆ ಊರಿಗೆಲ್ಲ ಹಲ್ಲು ಕಟ್ತಾಳೆ, ನನಗೆ ಇದೇ ಆರಾಮು."

ದೊರೆ ನಗಲಿಲ್ಲ. ಅತ್ತೆಯ ಬಾಯನ್ನೇ ನೋಡುತ್ತಿದ್ದರು, ಮುಚ್ಚಿಟ್ಟುಕೊಳ್ಳಲು ಏನೂ ಇಲ್ಲದ ಆ ಬಾಯನ್ನು.

"ಆದರೂ ಒಂದು ವಿಷಯ ನನ್ನ ತಲೆಗೆ ಹೋಗ್ಲಿಲ್ಲ" ಅಂತ ಅತ್ತೆ ಸಾಲಿನ ಕಡೆ ಕೈ ತೋರಿಸಿದರು. "ಇಷ್ಟು ಜನ ತಾವಾಗೇ ಬಂದು ತೋಳು ಚಾಚಿ ಕೊಡ್ತಿದ್ದಾರಲ್ಲ, ಮತ್ತೆ ಇವರಿಗೆ ಹಲ್ಲು ಯಾತಕ್ಕೆ?"

ನಾನು "ಸುಮ್ಮನಿರಿ ಅತ್ತೆ" ಅಂದೆ. ದೊರೆ ಎದ್ದು ಕ್ಯಾಮೆರಾದ ಕಡೆ ಹೋದರು.

ದೃಶ್ಯ ಇಷ್ಟು: ಸಾಲಿನಲ್ಲಿದ್ದ ಶಾಲೆಯ ಮೇಡಂ ಒಬ್ಬಳು ರಕ್ತ ಕೊಡುವುದಿಲ್ಲ ಅನ್ನುತ್ತಾಳೆ. ದೊಡ್ಡ ಪಿಶಾಚಿ ಮೆಟ್ಟಿಲಿಳಿದು ಬಂದು, ಎಲ್ಲರೆದುರಿಗೆ ಅವಳ ಕತ್ತು ಕಚ್ಚಿ, ಬೇರೆಯವರಿಗೆ ಪಾಠ ಕಲಿಸುತ್ತಾನೆ. ಮೊದಲ ಎರಡು ಟೇಕಿನಲ್ಲಿ ದೊರೆ ನನ್ನ ಮಾತು ನೆನಪಿಟ್ಟುಕೊಂಡು ಮೆಲ್ಲಗೆ ಕಚ್ಚಿದರು. "ಸಾಲದು ಸಾರ್, ಮುತ್ತು ಕೊಟ್ಟ ಹಾಗಿದೆ" ಅಂದಳು ನಿರ್ದೇಶಕಿ. ಮೂರನೆಯ ಟೇಕಿಗೆ ಅವರು ಮೈಮರೆತರು. ಮೇಡಂ ಪಾತ್ರದವಳ ಕಾಲರಿಗೇ ಹಲ್ಲು ಹಾಕಿದರು. ಕೋರೆ ಬಟ್ಟೆಯ ನೂಲಿಗೆ ಸಿಕ್ಕಿಕೊಂಡಿತು. ಅವಳು ಹಿಂದಕ್ಕೆ ಸರಿದಳು. ಸೆಟ್ಟು ಬಾಯಿಂದ ಅರ್ಧ ಹೊರಗೆ ಬಂತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ನೂರು ಜನರ ಎದುರು ದೊರೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ನನ್ನ ಕೆಲಸ, ನನ್ನ ಕಣ್ಣೆದುರೇ, ಒಬ್ಬ ಮನುಷ್ಯನ ಮಾನ ಕಳೆದಿತ್ತು. ನಿರ್ದೇಶಕಿ ನನ್ನ ಕಡೆ ತಿರುಗಿದಳು. ಕಲ್ಲಿನ ಹಾಗಿದೆ ಅಂದಿದ್ದೆನಲ್ಲ. ನಾನು ತಲೆ ಎತ್ತಲಿಲ್ಲ.

ದೊರೆ ತಮ್ಮ ಮಫ್ಲರನ್ನು ಬಾಯಿಗೆ ಸುತ್ತಿಕೊಂಡು ಕಪ್ಪು ಬಟ್ಟೆಯ ಮರೆಗೆ ಹೋದರು. ನಾನು ಹಿಂದೆಯೇ ಓಡಿದೆ. ಅವರು ನೀರಿನ ಲೋಟ ಹಿಡಿದು ನಿಂತಿದ್ದರು.

"ನನ್ನದೇ ತಪ್ಪು ಸಾರ್. ಇನ್ನೂ ಬಿಗಿ ಮಾಡಬೇಕಿತ್ತು. ಒಂದು ಗಂಟೆ ಕೊಡಿ, ಈಗಲೇ…"

"ನಿಮ್ಮ ತಪ್ಪಲ್ಲ ತಾಯಿ. ಕಚ್ಚಬೇಡಿ ಅಂದಿದ್ರಿ, ಕಚ್ಚಿದೆ." ಲೋಟ ಕೆಳಗಿಟ್ಟರು. "ನಿಮ್ಮ ಅತ್ತೆ ಕೇಳಿದ್ದಕ್ಕೆ ಉತ್ತರ ಯೋಚಿಸ್ತಿದ್ದೆ. ಅದಕ್ಕೇ ಮೈಮರೆತಿದ್ದು. ಹೌದಲ್ಲ, ಹಲ್ಲು ಯಾತಕ್ಕೆ?"

ಸೆಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ಬಾಯಿ ಒರೆಸಿಕೊಂಡು, ಮಫ್ಲರನ್ನೂ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ನೇರ ನಿರ್ದೇಶಕಿಯ ಬಳಿ ಹೋದರು. ನಾನು ಬಟ್ಟೆಯ ಸಂದಿಯಿಂದ ನೋಡುತ್ತಿದ್ದೆ. ಅವರು ಬಾಯಿ ತೆರೆದು ತೋರಿಸಿದರು. ಏನೋ ಹೇಳಿದರು. ಅವಳು ಮೊದಲು ನೆಲ ನೋಡಿದಳು, ಆಮೇಲೆ ಅವರನ್ನು, ಆಮೇಲೆ ಸಾಲನ್ನು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಎಲ್ಲರಿಗೂ ಅರ್ಧ ಗಂಟೆ ಚಹಾಕ್ಕೆ ಬಿಡುವು ಕೊಟ್ಟಳು. ಒಂದು ಹಾಳೆಯ ಮೇಲೆ ಇಬ್ಬರೂ ಬಗ್ಗಿ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು.

ಮತ್ತೆ ಕ್ಯಾಮೆರಾ ಓಡಿತು. ಮೇಡಂ ಕೊಡುವುದಿಲ್ಲ ಅಂದಳು. ದೊರೆ ಒಂದೊಂದೇ ಮೆಟ್ಟಿಲಿಳಿದು ಬಂದು, ಅವಳ ಮುಖದ ಹತ್ತಿರ ಮುಖ ತಂದು, ಬಾಯಿ ತೆರೆದರು. ಒಳಗೆ ಏನೂ ಇರಲಿಲ್ಲ.

"ನೋಡು" ಅಂದರು. "ನನ್ನ ಹಲ್ಲು ಬಿದ್ದು ಎಷ್ಟೋ ಕಾಲ ಆಯ್ತು. ನೀವ್ಯಾರೂ ಗಮನಿಸಲೇ ಇಲ್ಲ. ನನಗೂ ಬೇಕಾಗಲಿಲ್ಲ. ನೀವೇ ಬಂದಿರಿ, ನೀವೇ ತೋಳು ಮಡಿಸಿದಿರಿ."

ಹಲ್ಲಿಲ್ಲದೆ ಹೇಳಿದ ಮಾತು. ಅಕ್ಷರಗಳು ಸಡಿಲವಾಗಿದ್ದವು, ಆದರೆ ಒಂದೂ ತಪ್ಪಲಿಲ್ಲ. ನಾಲಿಗೆಗೆ ಈಗ ಕಾವಲಿನ ಕೆಲಸ ಇರಲಿಲ್ಲವಲ್ಲ. ಸಾಲಿನಲ್ಲಿ ಆರನೆಯವಳಾಗಿ ನಿಂತಿದ್ದ ಹೆಂಗಸು, ಯಾರೂ ಹೇಳದೆಯೇ, ಮಡಿಸಿದ್ದ ತೋಳನ್ನು ಮೆಲ್ಲಗೆ ಕೆಳಗಿಳಿಸಿಕೊಂಡಳು. ಪಕ್ಕದವನೂ ಇಳಿಸಿದ. ನಿರ್ದೇಶಕಿ ಕಟ್ ಅನ್ನಲೇ ಇಲ್ಲ.

ಅತ್ತೆ ನನ್ನ ಮೊಣಕೈ ಹಿಡಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನಗೂ ಹೇಳ್ಲಿಲ್ಲ!"

"ಮಾತು ಕೊಟ್ಟಿದ್ದೆ ಅತ್ತೆ."

ಅವರು ಹುಬ್ಬು ಗಂಟಿಕ್ಕಿದರು, ಆದರೆ ಮೊಣಕೈ ಬಿಡಲಿಲ್ಲ.

ಸಂಜೆ ಸಾಮಾನು ಕಟ್ಟುವಾಗ ನಿರ್ದೇಶಕಿ ಬಂದಳು. "ನನಗೆ ಸುಳ್ಳು ಹೇಳಿದ್ರಿ" ಅಂದಳು. ಹೌದು ಅಂದೆ. "ಬೇಜಾರಾಯ್ತು ಅಕ್ಕಾ. ಆದರೆ ನೀವು ನಿಜ ಹೇಳಿದ್ದರೆ ನಾನು ಅವರನ್ನ ತೆಗೆದುಬಿಡ್ತಿದ್ದೆನೇನೋ. ಅದು ಇನ್ನೂ ಬೇಜಾರು." ಅಷ್ಟೇ ಹೇಳಿ ಹೋದಳು.

ಸಿನಿಮಾ ಆರು ವಾರ ಓಡಿತು. ಗೆದ್ದಿತು ಅನ್ನುವ ಹಾಗೂ ಇಲ್ಲ, ಸೋತಿತು ಅನ್ನುವ ಹಾಗೂ ಇಲ್ಲ. ಕೊನೆಯ ದೃಶ್ಯದ ಮೇಕಪ್ಪು ಅದ್ಭುತ ಅಂತ ಪೇಪರಿನವರೊಬ್ಬರು ಹೊಗಳಿದ್ದರು. ಅದು ಮೇಕಪ್ಪಲ್ಲ, ನನ್ನ ಬಾಯಿ ಅಂತ ದೊರೆ ಪತ್ರ ಬರೆದು ತಿಳಿಸಿದರು. ಪತ್ರವೂ ಅಚ್ಚಾಯಿತು. ನನಗೆ ಮಾತ್ರ ಒಳಗೊಳಗೇ ಸಣ್ಣದೊಂದು ಕೊರಗು. ಇಪ್ಪತ್ತೆರಡು ವರ್ಷದಲ್ಲಿ ನಾನು ಕಟ್ಟಿದ ಅತ್ಯುತ್ತಮ ಸೆಟ್ಟು ಅದು, ಮುಖ್ಯವಾದ ದೃಶ್ಯದಲ್ಲೇ ಇಲ್ಲ.

ಪತ್ರ ಅಚ್ಚಾದ ಮೇಲೆ ಕ್ಲಿನಿಕ್ಕಿಗೆ ಜನ ಬರುವುದು ಹೆಚ್ಚಾಯಿತು. ವರ್ಷಗಟ್ಟಲೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದವರು, ಮದುವೆ ಫೋಟೋದಲ್ಲಿ ತುಟಿ ಬಿಗಿದು ನಿಂತವರು, ಒಬ್ಬ ರಿಟೈರಾದ ಜಡ್ಜು. ದೊರೆಯೂ ಬಂದರು, ಈ ಸಲ ಮಫ್ಲರಿಲ್ಲದೆ, ಕ್ಲಿನಿಕ್ಕಿನ ಮುಂಬಾಗಿಲಿನಿಂದ. ದಿನಬಳಕೆಗೊಂದು ಸಾಧಾರಣ ಸೆಟ್ಟು ಮಾಡಿಕೊಟ್ಟೆ. ಅದನ್ನು ಹಾಕಿಕೊಂಡು ಈಗ ಎರಡು ಸಿನಿಮಾದಲ್ಲಿ ಅಜ್ಜನ ಪಾತ್ರ ಮಾಡುತ್ತಿದ್ದಾರೆ. ಮೊನ್ನೆ ಎಡಗಡೆ ಕೆಳವಸಡಿನಲ್ಲಿ ಉಜ್ಜುತ್ತದೆ ಅಂತ ಫೋನ್ ಮಾಡಿದ್ದರು. ಮಂಗಳವಾರ ಬನ್ನಿ ಅಂದೆ.