ಆಯುಧಪೂಜೆಯ ದಿನ ತಿರುಗಿದ ಚಕ್ರ

"ಇನ್ನು ಒಂದು ದಿನಾನೂ ನಿಂಗೆ ತಣ್ಣೀರು ಹಾಕಲ್ಲ ಪುಟ್ಟಿ," ಎಂದು ಮಗಳು ಕುಮುದಳಿಗೆ ಮಾತು ಕೊಟ್ಟಿದ್ದೆ. ಆಗ ಅವಳಿಗೆ ನಾಲ್ಕು ವರ್ಷ. ಎದೆಯಲ್ಲಿ ಕಫ ಕಟ್ಟಿ ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಳು. ಮರುದಿನವೇ ನೀರು ಕಾಯಿಸುವ ಕಾಯಿಲ್ ತಂದೆ. ಅದನ್ನು ಬಕೆಟ್ಟಿಗೆ ಇಳಿಸಿದರೆ ಮೀಟರಿನ ಚಕ್ರ ಜೋರಾಗಿ ತಿರುಗುತ್ತಿತ್ತು. ಅದರ ಅಂಚಿನ ಕೆಂಪು ಗೀಟು ಬಂದು ಹೋಗುವುದನ್ನು ಕುಮುದ ಎಣಿಸುತ್ತಿದ್ದಳು. "ಇನ್ನೂರಾಯ್ತು ಅಮ್ಮ, ನೀರು ಕಾದಿದೆ!"

ಅವಳಿಗೆ ಒಂಬತ್ತಾದಾಗ ನಾವಿಬ್ಬರೂ ಸದ್ಯೋಜಾತಪ್ಪನವರ ಮನೆಯ ಕೆಳಭಾಗಕ್ಕೆ ಬಾಡಿಗೆಗೆ ಬಂದೆವು. ಮಾಲೀಕರು ಮಹಡಿಯಲ್ಲಿದ್ದರು. ಅವರ ಕಾರ್ ಶೆಡ್ಡಿಗೆ ರಿಮೋಟ್ ಒತ್ತಿದರೆ ತಾನೇ ಏಳುವ ಶಟರ್. ಒಳಗೊಂದು ಹಳೆಯ ಫ್ರಿಜ್. ನಮ್ಮ ಭಾಗದಲ್ಲಿ ನನ್ನ ಹೊಲಿಗೆ ಯಂತ್ರ.

ಹಿಂದಿನ ಮನೆಗಿಂತ ದುಪ್ಪಟ್ಟು ಬಂದ ಮೊದಲ ಕರೆಂಟ್ ಬಿಲ್ಲು ಹಿಡಿದು ಮೆಟ್ಟಿಲೇರಿದೆ.

"ನಿಮ್ಮ ಮೀಟರು ನಿಮ್ದು, ನಮ್ಮದು ನಮ್ದು," ಎಂದರು ಸದ್ಯೋಜಾತಪ್ಪ. "ಮೋಟರ್ ಹಾಕ್ಕೊಂಡು ಹೊಲೀತೀರ, ಇಸ್ತ್ರಿ ಮಾಡ್ತೀರ. ಆ ಕಾಯಿಲ್ ಅಂತೂ ಬಕಾಸುರ ಕಣಮ್ಮ. ಮಗೂಗೆ ತಣ್ಣೀರು ರೂಢಿ ಮಾಡ್ಸಿ, ಗಟ್ಟಿಯಾಗ್ತಾಳೆ."

ನಂಬಿದೆ. ಕಾಯಿಲ್ ಅಟ್ಟ ಸೇರಿತು. ಅಡುಗೆಗೇ ಸಾಲದ ಗ್ಯಾಸಿನಲ್ಲಿ ಸ್ನಾನದ ನೀರು ಕಾಯಿಸುವ ಮಾತೇ ಇರಲಿಲ್ಲ. ಮೊದಲ ಚೊಂಬು ಬಿದ್ದಾಗ ಕುಮುದ ಉಸಿರೆಳೆದುಕೊಂಡಳು. ಒಂದೇ ಒಂದು ದಿನ, "ಅಮ್ಮ, ನೀನು ಮಾತು ಕೊಟ್ಟಿದ್ದೆ ಅಲ್ವಾ?" ಎಂದಳು.

"ನಿನ್ನ ಸ್ನಾನಕ್ಕೆ ನಾನೆಷ್ಟು ರವಿಕೆ ಹೊಲೀಬೇಕು ಗೊತ್ತೇನೇ?" ಎಂದು ಗದರಿ ಎರಡನೆಯ ಚೊಂಬು ಸುರಿದೆ.

ಏಳನೆಯ ತಿಂಗಳಿಗೆ ಆಯುಧಪೂಜೆ ಬಂತು. ನಮ್ಮಲ್ಲಿ ಅಂದು ಯಂತ್ರಗಳಿಗೆಲ್ಲ ಬಿಡುವು. ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಮಿಕ್ಸಿಗೆ ಕುಂಕುಮ ಇಟ್ಟು, ನಮ್ಮತ್ತೆ ಮಾಡುತ್ತಿದ್ದಂತೆ ಮೇನ್ ಸ್ವಿಚ್ಚನ್ನೇ ಇಳಿಸಿದೆ.

"ಮೀಟರಿಗೂ ಹೂ ಇಡೋಣಮ್ಮ, ಪಾಪ," ಎಂದು ಕುಮುದ ಸ್ಟೂಲು ಹತ್ತಿದಳು. ಹೂ ಹಿಡಿದ ಕೈ ಅಲ್ಲೇ ನಿಂತಿತು. "ಅಮ್ಮ, ಇದಕ್ಕೆ ಮಾತ್ರ ರಜಾ ಇಲ್ವಾ?"

ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ. ಕೆಂಪು ಗೀಟು ನಿಧಾನವಾಗಿ ಬಂತು, ಹೋಯಿತು, ಮತ್ತೆ ಬಂತು. ಅಷ್ಟರಲ್ಲಿ ಹೊರಗೆ ಸದ್ಯೋಜಾತಪ್ಪನವರು ಕಾರಿನ ಪೂಜೆಗೆಂದು ರಿಮೋಟ್ ಒತ್ತಿದರು. ಶಟರ್ ಗರಗರ ಏಳತೊಡಗಿತು. ನಮ್ಮ ಚಕ್ರ ಓಡಿತು. ಶಟರ್ ನಿಂತಿತು; ಚಕ್ರ ಮತ್ತೆ ನಿಧಾನವಾಯಿತು.

ಕುಂಕುಮದ ಬಟ್ಟಲು ಹಿಡಿದೇ ಹೊರಗೆ ಹೋದೆ.

"ಏನಮ್ಮ?"

"ನಿಮ್ಮ ಶಟರಿಗೆ ಕುಂಕುಮ ಇಡೋಕೆ ಬಂದೆ ಸಾರ್. ಏಳು ತಿಂಗಳಿಂದ ನಮ್ಮನೆ ಅನ್ನ ತಿಂತಿದೆಯಲ್ಲ."

ಅವರು ರಿಮೋಟನ್ನು ಜೇಬಿಗಿಳಿಸಿದರು. "ವೈರಿಂಗ್‌ನವನು ಹಂಗೆ ಕೊಟ್ಟಿರ್ಬೇಕು... ಅದೇನು ಮಹಾ ಕರೆಂಟಮ್ಮ, ಏಳೋದೇ ಅರ್ಧ ನಿಮಿಷ."

"ಏಳೋದು ಅರ್ಧ ನಿಮಿಷ. ನಿಮ್ಮ ಬೆರಳಿಗೆ ಕಾದುಕೊಂಡು ಇಪ್ಪತ್ನಾಲ್ಕು ಗಂಟೆ ಎಚ್ಚರ ಇರುತ್ತಲ್ಲ, ಅದಕ್ಕೆ ಯಾರು ಅನ್ನ ಹಾಕ್ತಾರೆ? ಆ ಫ್ರಿಜ್ಜಿಗೆ? ನಿಮಗೆ ಗೊತ್ತಿರಲಿಲ್ವಾ?"

ಅವರು ಆಗಲೇ ಒರೆಸಿದ್ದ ಕಾರಿನ ಗಾಜನ್ನು ಮತ್ತೆ ಒರೆಸತೊಡಗಿದರು. ನನಗೆ ಆ ಗಾಜನ್ನು ಒಡೆಯಬೇಕೆನಿಸಿತ್ತು. ಈಗ ನೆನೆದರೂ ಅನ್ನಿಸುತ್ತದೆ.

ಮರುವಾರ ಅವರು ಶೆಡ್ಡಿನ ತಂತಿಯನ್ನು ನಮ್ಮ ಮೀಟರಿನಿಂದ ಬಿಡಿಸಿದರು. ನಾನು ಅಟ್ಟದಿಂದ ಕಾಯಿಲ್ ಇಳಿಸಿದೆ.

"ಬೇಡಮ್ಮ, ರೂಢಿಯಾಗಿದೆ," ಎಂದಳು ಕುಮುದ, ಟವೆಲ್ಲು ಹೆಗಲಿಗೆ ಹಾಕಿಕೊಂಡು.

ಆದರೂ ಬಕೆಟ್ಟಿಗೆ ಕಾಯಿಲ್ ಇಳಿಸಿ ಮೀಟರಿನ ಮುಂದೆ ನಿಂತೆ. ಕೆಂಪು ಗೀಟು ಬರುತ್ತಾ ಹೋಗುತ್ತಾ ಇತ್ತು. ಇನ್ನೂರು ಸುತ್ತು ನಾನೊಬ್ಬಳೇ ಎಣಿಸಿದೆ. ಅಷ್ಟರಲ್ಲಿ ಬಚ್ಚಲಿನಿಂದ ಚೊಂಬಿನ ಸದ್ದು ಕೇಳಿಸಿತು. ಅವಳು ತೊಟ್ಟಿಯ ತಣ್ಣೀರನ್ನೇ ಹೊಯ್ದುಕೊಳ್ಳುತ್ತಿದ್ದಳು.

ಕರೆಂಟು ಕದ್ದವರು ಅವರು. ಮಾತು ಮುರಿದವಳು ನಾನು.