ವಾಸನೆ ಇಲ್ಲ

ಕಸಾಯಿಖಾನೆಯ ಹಿಂದಿನ ಗ್ಯಾಸ್ ಘಟಕದಲ್ಲಿ ಅವನ ಮೂಗೇ ಅವನ ಹೆಸರು. ಮೇಲಿನವರಿಂದ ಕೆಳಗಿನವರ ತನಕ ಎಲ್ಲರಿಗೂ ಅವನು ಮೂಗಪ್ಪ. ಮುಂದಿನ ಶೆಡ್ಡಿನಲ್ಲಿ ಕಡಿದು ಉಳಿದ ರಕ್ತ, ಕರುಳು, ಕೊಬ್ಬು, ದನದ ಹೊಟ್ಟೆಯ ಅರ್ಧ ಅರಗಿದ ಹುಲ್ಲು ಎಲ್ಲ ಬಂದು ನೆಲದೊಳಗಿನ ತೊಟ್ಟಿಗೆ ಬೀಳುತ್ತಿತ್ತು. ಪಂಪು ಅದನ್ನು ಅರೆದು ದೊಡ್ಡ ಗುಮ್ಮಟಕ್ಕೆ ತಳ್ಳುತ್ತಿತ್ತು. ಆ ಗುಮ್ಮಟಕ್ಕೆ ಕೆಲಸಗಾರರು ‘ಹೊಟ್ಟೆ’ ಎನ್ನುತ್ತಿದ್ದರು. ಹೊಟ್ಟೆ ಕೊಟ್ಟ ಗ್ಯಾಸಿನಿಂದ ಬಾಯ್ಲರ್ ಉರಿಯುತ್ತಿತ್ತು, ಉಳಿದ ಗಸಿ ಒಣಗಿ ಗೊಬ್ಬರವಾಗುತ್ತಿತ್ತು. ಕೊಬ್ಬು ಹೆಚ್ಚಾದರೆ ಹೊಟ್ಟೆಗೂ ಅಜೀರ್ಣವಾಗುತ್ತದೆ. ಮೂಗಪ್ಪ ಕೊಳವೆಯ ಬಾಯಿ ಮೂಸಿ, “ಹುಳಿ ತೇಗ್ತಾ ಇದೆ, ಎರಡು ದಿನ ಲಂಘನ ಹಾಕಿ” ಎನ್ನುತ್ತಿದ್ದ. ಪ್ರಯೋಗಾಲಯದ ವರದಿ ಎರಡು ದಿನ ಬಿಟ್ಟು ಬಂದು ಅದನ್ನೇ ಹೇಳುತ್ತಿತ್ತು.

“ನನ್ನ ಹೆಂಡ್ತಿ ತವರಿಂದ ತಂದ ಆಸ್ತಿ ಅಂದ್ರೆ ಈ ಮೂಗೊಂದೇ” ಎಂದು ಭಾವ ಎಲ್ಲರೆದುರು ಹೇಳಿ ನಗುತ್ತಿದ್ದರು. ಭಾವ ಅಲ್ಲಿಯ ಪಂಪ್ ಮೆಕ್ಯಾನಿಕ್. ಅಕ್ಕ ಅಲ್ಲೇ ಗೊಬ್ಬರದ ಶೆಡ್ಡಿನಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದಳು.

ಮೂರು ವಾರದ ಹಿಂದೆ ಒಂದು ಬೆಳಗ್ಗೆ ತೊಟ್ಟಿಯೊಳಗೆ ಕೊಂಬಿನ ತುಂಡು ಸಿಕ್ಕಿಕೊಂಡು ಪಂಪು ನಿಂತಿತು. ಗ್ಯಾಸ್ ಅಳೆಯುವ ಯಂತ್ರ ಬೀರುವಿನಲ್ಲೇ ಇತ್ತು. ಅದು ಸುಮ್ಮಸುಮ್ಮನೆ ಕಿರಿಚುತ್ತದೆ, ಮೂಗಪ್ಪ ಇರುವಾಗ ಅದರ ಹಂಗೇಕೆ ಎಂದು ಮ್ಯಾನೇಜರೇ ಒಳಗಿಡಿಸಿದ್ದರು. ಭಾವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ಮೂಗಪ್ಪ ಮುಚ್ಚಳ ತೆಗೆದು ಬಗ್ಗಿದ. ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆದು ಕಣ್ಣಲ್ಲಿ ನೀರು ಬಂತು. ಹಾಗೇ ಬಗ್ಗಿಕೊಂಡಿದ್ದ. ತುಸು ಹೊತ್ತಿಗೆ ನಾತ ಪೂರಾ ಹೋಯಿತು.

“ವಾಸನೆ ಇಲ್ಲ ಭಾವ, ಇಳೀರಿ” ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ಏಣಿಯಲ್ಲಿ ನಾಲ್ಕು ಮೆಟ್ಟಿಲು ಇಳಿದವರು ಸದ್ದಿಲ್ಲದೆ ಕೆಳಗೆ ಬಿದ್ದರು. ಇವನು ಕೂಗುತ್ತ ಹಗ್ಗ ಎಳೆದ, ಎಳೆಯುತ್ತ ಅಂಚಿನಲ್ಲೇ ಕುಸಿದ. ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ.

ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. “ಈ ಗ್ಯಾಸ್ ಸ್ವಲ್ಪ ಇದ್ರೆ ನಾರುತ್ತೆ. ಜಾಸ್ತಿ ಇದ್ರೆ ಮೊದಲು ಮೂಗನ್ನೇ ಕೊಲ್ಲುತ್ತೆ. ಆಗ ವಾಸನೆ ಹೋಯ್ತು ಅಂತ ಅನ್ಸುತ್ತೆ, ಹೋಗಿರೋದು ಮೂಗು.” ತಾವು ಯಾರಿಗೆ ಏನು ಹೇಳುತ್ತಿದ್ದೇವೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ಅದೇ ಮಧ್ಯಾಹ್ನ ಮ್ಯಾನೇಜರ್ ಹೇಳಿಕೆಯ ಕಾಗದ ಹಿಡಿದು ಬಂದರು. “ನಿಮ್ಮ ಭಾವ ಯಾರನ್ನೂ ಕೇಳದೆ ತಾವಾಗೇ ಇಳಿದ್ರು, ಅಲ್ವಾ?” ಮೂಗಪ್ಪ ತಲೆಯಾಡಿಸಿದ. ಹೇಡಿ ಎನ್ನಿ ಬೇಕಾದರೆ, ನಾನೂ ಅದನ್ನೇ ಅನ್ನುತ್ತೇನೆ. ಆದರೆ ಆಗ ಅವನಿಗೆ ಹೆದರಿಕೆಯೂ ಆಗಲಿಲ್ಲ. ಯಾರೋ ಕತ್ತಿನ ಹಿಂದೆ ಕೈಯಿಟ್ಟು ಬಗ್ಗಿಸಿದ ಹಾಗೆ ತಲೆ ತಾನಾಗಿ ಬಗ್ಗಿತ್ತು.

ಅಂದಿನಿಂದ ಅವನಿಗೆ ಯಾವ ವಾಸನೆಯೂ ಇಲ್ಲ. ಸೋಪು, ಸೀಮೆಎಣ್ಣೆ, ತನ್ನದೇ ಬೆವರು, ಎಲ್ಲ ಒಂದೇ. ಮಾತೂ ನಿಂತಿತು. “ಮೂಗು ಹೋಗಿ ಮೂಗನಾದ” ಎಂದು ಯಾರೋ ಆಡಿಕೊಂಡರು. ಜನರ ಬಾಯಿಗೆ ಬೀಗ ಹಾಕುವವರು ಯಾರು? ಅದೇ ಜನ ಮರುಗಳಿಗೆಯಲ್ಲಿ, “ಭಾವನ್ನ ಉಳಿಸೋಕೆ ಪ್ರಾಣಾನೇ ಕೊಡೋಕೆ ಹೋಗಿದ್ದ” ಎಂದು ಬೆನ್ನು ತಟ್ಟುತ್ತಿದ್ದರು. ಎರಡೂ ಅವನಿಗೆ ತಟ್ಟಲಿಲ್ಲ.

ಅಕ್ಕ ಅತ್ತಿರಲಿಲ್ಲ. ಗಂಡನ ಹೆಣದ ಮುಂದೆಯೂ ಅತ್ತಿರಲಿಲ್ಲ. ಅವಳಿಗೆ ಸತ್ತವರ ಮೇಲೆ ಕೆಂಡದಂಥ ಕೋಪ. ದಿನಾ ತಮ್ಮನನ್ನು ಊಟಕ್ಕೆ ಕರೆದು, ಬಡಿಸುತ್ತ, ಅದನ್ನೇ ಹೇಳುತ್ತಿದ್ದಳು. “ಇಪ್ಪತ್ತೆರಡು ವರ್ಷ ಬಾಳ್ವೆ ಮಾಡಿದ್ದೀವಿ ಕಣೋ. ಮನೇಲೊಬ್ಬಳು ಇದ್ದಾಳೆ ಅಂತ ಒಂಚೂರು ನೆನಪಿದ್ದಿದ್ರೆ ಹಾಗೆ ಧುಮುಕ್ತಿದ್ರಾ? ನೀನಾದ್ರೂ ಉಳಿದೆಯಲ್ಲ, ಉಣ್ಣು.” ಅವನು ಉಣ್ಣುತ್ತಿದ್ದ. ಬಿಸಿಯಿದೆ, ಮೆತ್ತಗಿದೆ ಎಂಬುದಷ್ಟೇ ತಿಳಿಯುತ್ತಿತ್ತು. ನಿಜ ಹೇಳಿದರೆ ಇವಳಿಗೆ ಉಳಿದಿರುವ ತಮ್ಮನೂ ಹೋಗುತ್ತಾನೆ, ಹೇಳದಿದ್ದರೆ ಭಾವ ದಿನಾ ಬೈಸಿಕೊಳ್ಳುತ್ತಾರೆ. ಇಷ್ಟು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು, ಲೆಕ್ಕದ ಹಾಗೆ. ನೋವು ಮಾತ್ರ ಆಗುತ್ತಿರಲಿಲ್ಲ.

ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಅವನನ್ನು ಗೊಬ್ಬರದ ಶೆಡ್ಡಿಗೆ ಕರೆಸಿದಳು. ಉಳಿದ ಹೆಂಗಸರು ಊಟಕ್ಕೆ ಹೋಗಿದ್ದರು. ಅವಳು ಮಾತ್ರ ಹೊಲಿಗೆ ಯಂತ್ರ ಓಡಿಸುತ್ತಲೇ ಇದ್ದಳು. ಕಾಲ ಬಳಿ ಒಂದು ಗಂಟು. ಭಾವನ ಅಂಗಿಗಳು, ಕನ್ನಡಕ, ಚಪ್ಪಲಿ.

“ಬಾಯ್ಲರ್‌ಗೆ ಹಾಕಿಬಿಡು” ಎಂದಳು, ಕತ್ತೆತ್ತದೆ. “ನನ್ನನ್ನ ಮರೆತು ಹೋದವರದ್ದು ನನಗೂ ಒಂದು ದಾರ ಬೇಡ.”

ಅವನು ಗಂಟು ಎತ್ತಿಕೊಂಡು ಬಾಗಿಲ ತನಕ ಹೋದ. ಅಂಗಳದಾಚೆ ಬಾಯ್ಲರ್ ಸದ್ದು ಮಾಡುತ್ತಿತ್ತು. ಹೋಗಬಹುದಿತ್ತು. ಕಾಲು ಹೊರಳಿತು, ಅವನು ಹೊರಳಿಸಿದ್ದಲ್ಲ.

“ಅಕ್ಕ, ಭಾವ ತಾವಾಗಿ ಇಳಿಲಿಲ್ಲ. ನಾನು ಇಳಿಸಿದೆ.”

ಯಂತ್ರ ನಿಂತಿತು. ಅವನು ಮುಚ್ಚಳ ತೆಗೆದದ್ದು, ನಾತ ಹೋದದ್ದು, ಡಾಕ್ಟರು ಹೇಳಿದ್ದು, ತಲೆಯಾಡಿಸಿದ್ದು ಎಲ್ಲವನ್ನೂ ಒಂದೇ ದನಿಯಲ್ಲಿ ಒಪ್ಪಿಸಿದ.

ಅಕ್ಕ ಹೊಲಿಯುತ್ತಿದ್ದ ಚೀಲ ಬಿಟ್ಟು ಅವನತ್ತ ತಿರುಗಿದಳು. “ಅವರು ಏನೂ ಕೇಳ್ಲಿಲ್ವಾ?”

“ಎರಡು ಸಲ ಕೇಳಿದ್ರು. ಮೊದಲು, ಸರಿಯಾಗಿ ನೋಡಿದ್ಯೇನೋ ಅಂದ್ರು. ಆಮೇಲೆ ಏಣಿ ಮೇಲೆ ಕಾಲಿಟ್ಟವರು ನಿಂತು, ಇನ್ನೊಂದ್ಸಲ ನೋಡೋ, ನನಗೇನಾದ್ರೂ ಆದ್ರೆ ನಿಮ್ಮಕ್ಕ ಸುಮ್ನೆ ಬಿಡಲ್ಲ ಅಂದ್ರು.”

“ನೀನೇನಂದೆ?”

“ನನ್ನ ಮೂಗಿನ ಮೇಲೆ ನಂಬಿಕೆ ಇಲ್ವಾ ಅಂದೆ. ನಕ್ಕು ಇಳಿದ್ರು.”

“ನಿಮ್ಮಕ್ಕ ಸುಮ್ನೆ ಬಿಡಲ್ಲ ಅಂದ್ರಾ?”

“ಹೂಂ.”

“ಹಾಗೇ ಅಂದ್ರಾ?”

“ಹಾಗೇ.”

ಆಗ ಅಕ್ಕ ಅತ್ತಳು. ಚೀಲದ ಮೇಲೆ ಬಗ್ಗಿ, ಬಾಯಿಬಿಟ್ಟು, ಮೂರು ವಾರದ್ದನ್ನು ಒಟ್ಟಿಗೆ ಅತ್ತಳು. ಅವನು ನಿಂತೇ ಇದ್ದ. ಬೆನ್ನ ಮೇಲೆ ಕೈಯಿಡಬೇಕು ಎಂದು ಗೊತ್ತಿತ್ತು, ಕೈ ಏಳಲಿಲ್ಲ. ಅತ್ತು ಮುಗಿದ ಮೇಲೆ ಅವಳು ಅವನ ಕೈಯಿಂದ ಗಂಟು ಕಿತ್ತುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಮೂರು ವಾರದಿಂದ ಇದ್ದ ಕೋಪ ಅವಳ ಮುಖದಲ್ಲಿ ಇರಲಿಲ್ಲ. ಅವಳಿಗೆ ಗಂಡ ತಿರುಗಿ ಸಿಕ್ಕಿದ್ದ.

“ಹೋಗಿ ಆ ಕಾಗದ ತಿದ್ದಿಸು. ಸಂಜೆ ಊಟಕ್ಕೆ ಬರ್ಬೇಡ. ನಾಳೆನೂ ಬರ್ಬೇಡ.”

“ಆಯ್ತಕ್ಕ.”

“ಅಕ್ಕ ಅನ್ಬೇಡ” ಎಂದಳು.