ಐವತ್ತು ವರ್ಷದ ಬೀಗ

ಇಲ್ಲಿ ಎಲ್ಲರೂ ನನ್ನನ್ನು ಬೀಗದಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೆನ್ನುತ್ತಾರೋ, ಅದು ನನಗೆ ಬೇಡ. ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಓಡಿಬಂದ ಹೆಂಗಸರಿಗೆ ಆಸರೆ ಕೊಡುವ ಮನೆ ಇದು. ಅವರ ಹಳೆಯ ಹೆಸರು, ಹೊಸ ಹೆಸರು, ಈಗಿರುವ ವಿಳಾಸ, ಮಕ್ಕಳ ಶಾಲೆ ಎಲ್ಲವೂ ನನ್ನ ಕಂಪ್ಯೂಟರಿನಲ್ಲಿವೆ. ಅದಕ್ಕೆ ಬೀಗ ಹಾಕಿ ಕಾಯುವುದು ಇಪ್ಪತ್ತಾರು ವರ್ಷಗಳಿಂದ ನನ್ನ ಕೆಲಸ. ಬೀಗವೆಂದರೆ ಕಬ್ಬಿಣದ್ದಲ್ಲ, ಬರಹವನ್ನು ಬೇರೆಯವರು ಓದಲಾಗದಂತೆ ಕಲಸಿಬಿಡುವ ಗಣಿತ.

ಒಂದು ಬೆಳಿಗ್ಗೆ ನಮ್ಮ ಅಧ್ಯಕ್ಷೆ ಒಂದು ಸುತ್ತೋಲೆ ತಂದು ನನ್ನ ಮೇಜಿನ ಮೇಲಿಟ್ಟರು. ಕ್ವಾಂಟಂ ಕಂಪ್ಯೂಟರ್ ಎಂಬ ಯಂತ್ರ ಬರಲಿದೆ, ಇಂದಿನ ಬೀಗಗಳಲ್ಲಿ ಹಲವನ್ನು ಅದು ಸಲೀಸಾಗಿ ತೆರೆದೀತು, ಆದ್ದರಿಂದ ಎಲ್ಲ ಸಂಸ್ಥೆಗಳೂ ತಮ್ಮ ಬೀಗಗಳ ಪಟ್ಟಿ ಮಾಡಿ ಬದಲಾಯಿಸಿಕೊಳ್ಳಬೇಕು ಎಂದಿತ್ತು.

"ಅದು ಬರೋಕೆ ಇನ್ನೂ ಹತ್ತು ಹದಿನೈದು ವರ್ಷ ಬೇಕಂತೆ. ಏನೋ ಒಂದು ತುಂಬಿ ಕಳಿಸಿಬಿಡಿ," ಎಂದರು.

ಏನೋ ಒಂದು ತುಂಬುವ ಜಾಯಮಾನ ನನ್ನದಲ್ಲ. ಪಟ್ಟಿಗೆ ನಾನೇ ಒಂದು ಖಾನೆ ಸೇರಿಸಿದೆ: ಇದು ಎಷ್ಟು ವರ್ಷ ಗುಟ್ಟಾಗಿರಬೇಕು? ಹಾಳೆ ಹಿಡಿದು ಕೋಣೆ ಕೋಣೆ ಅಲೆದೆ. ಉಗ್ರಾಣದವನು, "ಎಷ್ಟು ಸೋಪಿದೆ ಅಂತ ತಿಳ್ಕೊಂಡು ಯಾರೇನು ಮಾಡ್ತಾರೆ, ಒಂದು ವರ್ಷ ಹಾಕಿ," ಎಂದ. ನರ್ಸ್ ಮೂವತ್ತು ಎಂದಳು. ಕೊನೆಗೆ ಅಡುಗೆಮನೆಗೆ ಹೋದೆ.

ಅಡುಗೆಯಾಕೆ ಒಂಬತ್ತು ವರ್ಷದ ಹಿಂದೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದವಳು. ಬಂದವರು ಒಂದೆರಡು ವರ್ಷಕ್ಕೆ ಬೇರೆ ಕಡೆ ಹೋಗುತ್ತಾರೆ. ಇವಳು ಇಲ್ಲೇ ಕೆಲಸ ಹಿಡಿದು, ಹಿಂಬದಿಯ ಎರಡು ಕೋಣೆಯಲ್ಲಿ ಮಗಳೊಂದಿಗೆ ಸಂಸಾರ ಹೂಡಿದಳು. ಗಿಡ್ಡಗಿದ್ದಾಳೆಂದು ನಾವು ಒಲೆಯ ಕಟ್ಟೆಯನ್ನೇ ಒಂದು ಗೇಣು ತಗ್ಗಿಸಿದ್ದೆವು. ಅವಳು ಬಿಟ್ಟುಬಂದ ಗಂಡ ಟೆಲಿಫೋನ್ ಲೈನುಗಳ ಎಂಜಿನಿಯರ್.

"ಎಷ್ಟು ವರ್ಷನಾ? ಅವನು ಸಾಯೋವರೆಗೆ," ಈರುಳ್ಳಿ ಹೆಚ್ಚುತ್ತಲೇ ಹೇಳಿದಳು. "ಈಗ ನಲವತ್ತೊಂದು. ಅವರ ಮನೇಲಿ ಒಬ್ಬರೂ ತೊಂಬತ್ತಕ್ಕೆ ಮುಂಚೆ ಜಾಗ ಖಾಲಿ ಮಾಡಲ್ಲ ಅಕ್ಕಾ. ಐವತ್ತು ಬರ್ಕೊಳ್ಳಿ."

ಬರೆದುಕೊಂಡೆ. ನೇರ ಅಧ್ಯಕ್ಷೆಯ ಕೋಣೆಗೆ ಹೋದೆ. "ಹದಿನೈದು ವರ್ಷಕ್ಕೆ ಆ ಯಂತ್ರ ಬಂತು ಅನ್ನಿ. ಉಳಿದ ಮೂವತ್ತೈದು ವರ್ಷ ಇವಳನ್ನ ಯಾರು ಕಾಯ್ತಾರೆ, ನೀವಾ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಒಂದು ಗಂಟೆ ವಿವರಿಸಿದ ಮೇಲೆ ಒಪ್ಪಿಗೆ ಕೊಟ್ಟರು.

ಆರು ತಿಂಗಳು ಜಗ್ಗಾಡಿ ಇಪ್ಪತ್ತಮೂರು ಬೀಗ ಬದಲಾಯಿಸಿದೆ. ಹೊಸ ಬೀಗ ಒದಗಿಸುವವನ ಬೆನ್ನು ಬಿಡಲಿಲ್ಲ. "ನಿಮ್ಮ ಕಾಟ ತಡೆಯೋಕಾಗಲ್ಲ ಮೇಡಂ," ಎಂದ. "ಕಾಟ ಅಂದ್ರೆ ಏನು ಅಂತ ಇಲ್ಲಿರೋ ಹೆಂಗಸರನ್ನ ಕೇಳಪ್ಪ," ಎಂದೆ. ಮರುದಿನವೇ ಬಂದು ಕೆಲಸ ಮುಗಿಸಿಕೊಟ್ಟ. ಎಲ್ಲ ಆಯಿತೆಂದು ಬೀಗುತ್ತಾ, ಹಳೆಯ ಪರದೆಗಳನ್ನು ಎಸೆಯೋಣವೆಂದು ಬೀರುವಿನ ಮೇಲೆ ಕೈಹಾಕಿದೆ. ಪರದೆಗಳ ಹಿಂದೆ ಒಂದು ಬೂದು ಡಬ್ಬಿ, ಅದರಲ್ಲಿ ಹಸಿರು ದೀಪ.

ಎಂಟು ವರ್ಷದ ಹಿಂದೆ ಚಾವಣಿ ಸೋರಿ ಕಡತಗಳೆಲ್ಲ ನೆನೆದಿದ್ದವು. ಇನ್ನು ಮೇಲೆ ದಿನಾ ಮಧ್ಯಾಹ್ನ ಎಲ್ಲದರ ಒಂದು ಪ್ರತಿ ಟೆಲಿಫೋನ್ ಲೈನಿನಲ್ಲಿ ದೂರದ ಶಾಖೆಗೆ ಹೋಗಲೆಂದು ಈ ಡಬ್ಬಿಯನ್ನು ಇಟ್ಟವಳು ನಾನೇ. ಇಟ್ಟು ಮರೆತವಳೂ ನಾನೇ. ಡಬ್ಬಿಯ ಬೀಗವನ್ನು ಅವತ್ತೇ ಬದಲಾಯಿಸಿದೆ. ಆದರೆ ಎಂಟು ವರ್ಷ ಹಳೆಯ ಬೀಗದಲ್ಲಿ ಹೋದದ್ದನ್ನು ದಾರಿಯಲ್ಲಿ ಯಾರಾದರೂ ನಕಲು ಮಾಡಿಟ್ಟುಕೊಂಡಿದ್ದರೆ? ಆ ನಕಲಿಗೆ ಹೊಸ ಬೀಗ ಹಾಕಲು ಯಾರಿಂದಲೂ ಆಗದು. ಅವರು ಯಂತ್ರ ಬರುವವರೆಗೆ ಕಾದರೆ ಸಾಕು.

"ಅಡುಗೆಯವಳಿಗೆ ಹೇಳಬೇಡಿ. ಯಾರೂ ಕದ್ದಿರಲ್ಲ, ಸುಮ್ಮನೆ ಹೆದರ್ತಾಳೆ," ಎಂದರು ಅಧ್ಯಕ್ಷೆ.

"ಕದ್ದಿಲ್ಲದೇ ಇರಬಹುದು. ಆದರೆ ಜೀವ ಅವಳದ್ದು ಮೇಡಂ. ನನ್ನ ಮುಖ ಉಳಿಸ್ಕೊಳ್ಳೋಕೆ ಅವಳ ಹತ್ರ ಮುಚ್ಚಿಡಲಾರೆ."

ವಿವರಿಸಲು ಹಾಳೆಯ ಮೇಲೆ ಚಿತ್ರ ಬರೆದುಕೊಂಡು ಅಡುಗೆಮನೆಗೆ ಹೋಗಿದ್ದೆ. ಬೇಕಾಗಲೇ ಇಲ್ಲ. "ತಪ್ಪು ನಂದೇ," ಎಂದು ಶುರುಮಾಡಿ ಮುಗಿಸುವಷ್ಟರಲ್ಲಿ ಅವಳಿಗೆ ಎಲ್ಲ ಅರ್ಥವಾಗಿತ್ತು.

"ಅವನು ಮಾಡಿದ್ದೂ ಇದೇ. ಮದುವೆಯಾದ ವರ್ಷ ನನ್ನ ಫೋನನ್ನ ಪೂರ್ತಿ ನಕಲು ಮಾಡಿಟ್ಕೊಂಡಿದ್ದ. ತೆರೆಯೋಕೆ ಬರ್ತಿರಲಿಲ್ಲ. ಮೂರು ವರ್ಷ ಸುಮ್ಮನಿದ್ದ ಅಕ್ಕಾ, ಮೂರು ವರ್ಷ! ತೆರೆಯೋ ದಾರಿ ಸಿಕ್ಕಿದ ದಿನ ಊಟಕ್ಕೆ ಕೂತು, ನಾನು ಅಮ್ಮಂಗೆ ಬರೆದಿದ್ದನ್ನೆಲ್ಲ ಒಂದೊಂದಾಗಿ ಓದಿದ. ಆಮೇಲೆ ಎದ್ದು ಬಾಗಿಲು ಹಾಕ್ಕೊಂಡು ಬಂದ."

ಚಾಕು ಕೆಳಗಿಟ್ಟಳು. ಬೈಯಲಿ ಎಂದು ಕಾದೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ಬೇರೆ.

"ಅದ್ರಲ್ಲಿ ನಮ್ಮದು ಏನೇನಿದೆ?"

"ಹೊಸ ಹೆಸರು. ಈ ವಿಳಾಸ. ಮಗಳ ಶಾಲೆ."

"ಹಾಗಾದ್ರೆ ಅವನು ತೆರೆಯೋ ಹೊತ್ತಿಗೆ ಅದ್ರಲ್ಲಿ ಒಂದೂ ನಿಜ ಆಗಿರಬಾರದು. ಅಷ್ಟೇ ತಾನೆ?" ತಗ್ಗಿನ ಕಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದಳು. "ಮಗಳ ಪರೀಕ್ಷೆ ಮುಗೀಲಿ. ಹೊರಟುಬಿಡ್ತೀವಿ."

ನನಗೆ ಅಳು ತಡೆಯಲಾಗಲಿಲ್ಲ.

"ಈರುಳ್ಳಿ ಹೆಚ್ಚೋಳು ನಾನು, ಕಣ್ಣೀರು ಹಾಕೋರು ನೀವು! ಚೆನ್ನಾಗಿದೆ," ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು.

ಆ ಎಂಟು ವರ್ಷದಲ್ಲಿ ಬಂದುಹೋದ ಉಳಿದವರನ್ನೂ ಹುಡುಕಿ ಒಬ್ಬೊಬ್ಬರಿಗೇ ತಿಳಿಸತೊಡಗಿದೆ. ಕೆಲವರು ಬೈದರು. ಬೈಸಿಕೊಂಡೆ.

ಹೊರಡುವ ದಿನ ಮಗಳು ಮುಖ ಊದಿಸಿಕೊಂಡು ಗಾಡಿಯಲ್ಲಿ ಕೂತಿದ್ದಳು. ತಾಯಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು.

"ಹೊಸ ವಿಳಾಸ ಬರ್ಕೊಳ್ಳಿ."

"ಬೇಡ ಕಣೇ. ನನಗೆ ಹೇಳಲೇಬೇಡ. ಒಂದು ಸಲ ಕೈಕೊಟ್ಟವಳು ನಾನು."

"ನಾಳೆ ನನಗೇನಾದ್ರೂ ಆದ್ರೆ, ನನ್ನ ಮಗಳು ಎಲ್ಲಿದಾಳೆ ಅಂತ ಒಬ್ಬರಿಗಾದ್ರೂ ಗೊತ್ತಿರಬೇಡ್ವಾ? ಬರೀರಿ ಅಕ್ಕಾ."

ಕುರ್ಚಿಯಲ್ಲಿ ಕೂತಿದ್ದ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. ಬರೆದೆ. ಹೊಸ ಬೀಗ ಬಿದ್ದಿದೆಯೇ ಎಂದು ಎರಡೆರಡು ಸಲ ನೋಡಿದೆ. ಖಾನೆಯಲ್ಲಿ ಐವತ್ತು ಎಂದು ತುಂಬಿದೆ.

ನನಗೀಗ ಐವತ್ತೆಂಟು. ಅದಕ್ಕೇ ಅವಳು ಹೋದ ಮೇಲೆ, ನನ್ನ ನಂತರ ಈ ಕುರ್ಚಿಗೆ ಬರುವವರಿಗೆಂದು ಪಟ್ಟಿಯ ಕೊನೆಗೆ ಎರಡು ಸಾಲು ಸೇರಿಸಿದೆ. ಪ್ರತಿ ವರ್ಷ ಇದೇ ದಿನ ಎಲ್ಲ ಬೀಗಗಳನ್ನೂ ನೋಡಿ. ಬೀರುವಿನ ಮೇಲೂ ನೋಡಿ.